ಥೇಮ್ಸ್ ತೀರದ ಗ್ರೀನಿಚ್: ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಭೂಗೋಳದ ಪಾಠದಲ್ಲಿ ಸೊನ್ನೆ ಡಿಗ್ರಿ ರೇಖಾಂಶ ಹಾದುಹೋಗುವ ಊರೆಂದು ಗ್ರೀನಿಚ್‌ನ ಹೆಸರನ್ನು ನಾವೆಲ್ಲ ಕಂಠಪಾಠ ಮಾಡಿದ್ದೇವೆ. ಲಂಡನ್ನಿಗೆ ಹೋದವರು ಆ ಗೆರೆಯ ಆಚೀಚೆ ಒಂದೊಂದು ಕಾಲಿಟ್ಟು ಚಿತ್ರ ತೆಗೆಸಿಕೊಂಡು ಮರಳುವುದೂ ಉಂಟು. ಆ ಗೆರೆ ಆ ಗುಡ್ಡದ ಮೇಲೆ ಬಂದದ್ದು ಕೆಳಗೆ ಹರಿಯುವ ನದಿಯಿಂದಾಗಿ, ಆ ನದಿಯಲ್ಲಿ ಹೋಗಿಬರುತ್ತಿದ್ದ ಹಡಗುಗಳ ಅಗತ್ಯದಿಂದಾಗಿ. ಹಾಗಾಗಿ ಮುಂದಿನ ಉತ್ತರಗಳನ್ನೆಲ್ಲ ನದಿಯ ಕಡೆಯಿಂದಲೇ ಬರೆಯಲಾಗಿದೆ.

ಗ್ರೀನಿಚ್ ಸಮುದ್ರತೀರದಲ್ಲಿಲ್ಲ. ಅಲ್ಲಿಗೆ ಹಡಗುಗಳ ಚರಿತ್ರೆ ಹೇಗೆ ಬಂತು?

ಥೇಮ್ಸ್ ನದಿಯು ಲಂಡನ್ ನಗರವನ್ನು ದಾಟಿದ ಮೇಲೂ ಸಮುದ್ರದ ಉಬ್ಬರ ಇಳಿತಗಳಿಗೆ ಒಳಪಟ್ಟೇ ಇರುತ್ತದೆ. ದಿನಕ್ಕೆರಡು ಬಾರಿ ನೀರು ಸುಮಾರು 6ರಿಂದ 7 ಮೀಟರ್‌ನಷ್ಟು ಏರಿ ಇಳಿಯುತ್ತದೆ. ಉಗಿಯಂತ್ರ ಬರುವುದಕ್ಕೆ ಮೊದಲು ಹಾಯಿಹಡಗುಗಳು ಉಬ್ಬರದ ಜೊತೆ ಲಂಡನ್ನಿನತ್ತ ಬರುತ್ತಿದ್ದವು, ಇಳಿತದ ಜೊತೆ ಸಮುದ್ರದತ್ತ ಸಾಗುತ್ತಿದ್ದವು. ನದಿ ದೊಡ್ಡದಾಗಿ ತಿರುವು ಪಡೆಯುವ ಜಾಗದಲ್ಲಿ, ದಕ್ಷಿಣ ದಂಡೆಯ ಮೇಲೆ, ಹಿಂಬದಿಯಲ್ಲಿ ಒಂದು ಗುಡ್ಡವನ್ನಿಟ್ಟುಕೊಂಡು ಗ್ರೀನಿಚ್ ಕುಳಿತಿದೆ. ಲಂಡನ್ನಿಗೆ ಹೋಗುವ ಪ್ರತಿಯೊಂದು ಹಡಗೂ ಅದರ ಕಣ್ಣೆದುರಿಗೇ ಹಾದುಹೋಗಬೇಕಿತ್ತು.

ರಾಜರಿಗೆ ಈ ಜಾಗ ಬೇಕೆನಿಸಿದ್ದಕ್ಕೆ ಇದೂ ಒಂದು ಕಾರಣ. 8ನೆಯ ಹೆನ್ರಿ 1491ರಲ್ಲಿ ಹುಟ್ಟಿದ್ದು ಇಲ್ಲಿನ ನದೀತೀರದ ಅರಮನೆಯಲ್ಲಿ. ಅವನ ಮಗಳು ಒಂದನೆಯ ಎಲಿಜಬೆತ್ 1533ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ಹೆನ್ರಿಯ ಕಾಲದಲ್ಲಿಯೇ ಗ್ರೀನಿಚ್‌ನ ಎರಡು ಮಗ್ಗುಲಲ್ಲಿ, ಕೆಳಹರಿವಿನ ವೂಲಿಚ್‌ನಲ್ಲಿ 1512ರಲ್ಲಿ ಮತ್ತು ಮೇಲ್ಹರಿವಿನ ಡೆಟ್‌ಫರ್ಡ್‌ನಲ್ಲಿ 1513ರಲ್ಲಿ, ರಾಜನ ನೌಕಾಪಡೆಗೆ ಹಡಗು ಕಟ್ಟುವ ಡಾಕ್‌ಯಾರ್ಡ್‌ಗಳು ಆರಂಭವಾದವು. ಅರಮನೆ ಈಗ ಉಳಿದಿಲ್ಲ. ಅದರ ನೆಲದ ಮೇಲೆದ್ದ ಕಟ್ಟಡಗಳು, ಗುಡ್ಡದ ಮೇಲಿನ ವೀಕ್ಷಣಾಲಯ ಮತ್ತು ಉದ್ಯಾನ ಒಟ್ಟಾಗಿ ‘ಮ್ಯಾರಿಟೈಮ್ ಗ್ರೀನಿಚ್’ ಎಂಬ ಹೆಸರಿನಲ್ಲಿ 1997ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಹೇಗೆ ಹೋಗುವುದು ಒಳ್ಳೆಯದು?

ಸಾಧ್ಯವಿದ್ದರೆ ದೋಣಿಯಲ್ಲಿಯೇ ಹೋಗಿ. ವೆಸ್ಟ್‌ಮಿನ್‌ಸ್ಟರ್ ಮತ್ತು ಟವರ್ ಬಳಿಯ ಕಟ್ಟೆಗಳಿಂದ ಗ್ರೀನಿಚ್ ಕಟ್ಟೆಗೆ ನದಿಯ ಸಾರಿಗೆ ಇದೆ. ರೈಲಿಗಿಂತ ನಿಧಾನ, ಖರ್ಚೂ ಹೆಚ್ಚು. ಆದರೆ ತಿರುವು ಕಳೆದೊಡನೆ ಬಿಳಿ ಕಲ್ಲಿನ ಜೋಡಿ ಗುಮ್ಮಟಗಳು ಎದುರಾಗುವ ನೋಟ ಇಂದಿಗೂ ಉಳಿದುಕೊಂಡಿದೆ, ಮತ್ತು ಈ ಕಟ್ಟಡಗಳನ್ನು ಕಟ್ಟಿದ್ದೇ ನೀರಿನ ಮೇಲಿನಿಂದ ನೋಡುವವರಿಗಾಗಿ. ರೈಲಿನಲ್ಲಿ ಹೋಗುವವರು ಡಾಕ್‌ಲ್ಯಾಂಡ್ಸ್ ಲಘು ರೈಲಿನ ಕಟ್ಟಿ ಸಾರ್ಕ್ ನಿಲ್ದಾಣದಲ್ಲಿ ಇಳಿದರೆ ನದಿಗೆ ಕೆಲವೇ ನಿಮಿಷಗಳ ನಡಿಗೆ. ಒಂದು ಎಚ್ಚರಿಕೆ: ನಾರ್ತ್ ಗ್ರೀನಿಚ್ ಎಂಬ ಹೆಸರಿನ ಮೆಟ್ರೋ ನಿಲ್ದಾಣವಿರುವುದು ಬೇರೆಯೇ ಜಾಗದಲ್ಲಿ. ಹೆಸರು ನೋಡಿ ಅಲ್ಲಿ ಇಳಿದವರು ಮತ್ತೆ ಬಸ್ಸು ಹಿಡಿಯಬೇಕಾಗುತ್ತದೆ.

ಎಷ್ಟು ಹೊತ್ತು ಬೇಕು? ಎಲ್ಲಿಂದ ಆರಂಭಿಸಬೇಕು?

ಬೆಳಗಿನಿಂದ ಸಂಜೆಯವರೆಗೆ ಇಡೀ ದಿನವನ್ನು ಮೀಸಲಿಡಬೇಕು. ಅರ್ಧ ದಿನದಲ್ಲಿ ಎಲ್ಲವನ್ನೂ ಮುಗಿಸಲು ಹೊರಟರೆ ಯಾವುದನ್ನೂ ನಿಂತು ನೋಡಿದಂತಾಗುವುದಿಲ್ಲ. ಹೆಚ್ಚಿನವರು ಮೊದಲು ಗುಡ್ಡವನ್ನು ಹತ್ತಿ ಗೆರೆಯನ್ನು ನೋಡಿ ಆಮೇಲೆ ಕೆಳಗಿಳಿಯುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧವಾದದ್ದು. ಕಟ್ಟಿ ಸಾರ್ಕ್ ಹಡಗಿನಿಂದ ಆರಂಭಿಸಿ, ಜೋಡಿ ಗುಮ್ಮಟದ ಹಳೆಯ ನಾವಿಕರ ಆಶ್ರಮಕ್ಕೆ ಬಂದು, ವಸ್ತುಸಂಗ್ರಹಾಲಯವನ್ನು ನೋಡಿ, ಕೊನೆಯಲ್ಲಿ ಗುಡ್ಡವನ್ನು ಹತ್ತಬೇಕು. ಕಡಲಲ್ಲಿ ದಾರಿ ತಪ್ಪಿದರೆ ಏನಾಗುತ್ತಿತ್ತೆಂದು ಗೊತ್ತಾದ ಮೇಲೆ ಗಡಿಯಾರಗಳ ಮುಂದೆ ನಿಂತರೆ ಅವುಗಳ ಬೆಲೆ ತಿಳಿಯುತ್ತದೆ. ತೆರೆದಿರುವ ದಿನ ಮತ್ತು ವೇಳೆಗಳು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ಮೊದಲು ಆಯಾ ಸಂಸ್ಥೆಯ ಜಾಲತಾಣವನ್ನು ನೋಡಿಕೊಳ್ಳಿ.

ಕಟ್ಟಿ ಸಾರ್ಕ್ ಎಂಬ ಹಡಗಿಗೆ ಅಷ್ಟೊಂದು ಹೆಸರೇಕೆ?

ಚೀನಾದಿಂದ ಲಂಡನ್ನಿಗೆ ಚಹಾ ತರಲೆಂದೇ ಕಟ್ಟಿದ ವೇಗದ ಹಾಯಿಹಡಗುಗಳಿಗೆ ಕ್ಲಿಪ್ಪರ್ ಎಂದು ಹೆಸರು. ಆ ವರ್ಷದ ಹೊಸ ಚಹಾವನ್ನು ಮೊದಲು ತಂದವರಿಗೆ ಒಳ್ಳೆಯ ಬೆಲೆ ಸಿಗುತ್ತಿದ್ದ ಕಾರಣ ಅವುಗಳ ನಡುವೆ ಪೈಪೋಟಿಯೇ ಏರ್ಪಟ್ಟಿತ್ತು. ಆ ಪೈಪೋಟಿಗಾಗಿ ಜಾನ್ ವಿಲ್ಲಿಸ್ ಎಂಬ ಹಡಗು ಮಾಲೀಕನು ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಕಟ್ಟಿಸಿದ ಕಟ್ಟಿ ಸಾರ್ಕ್ 1869ರ ನವೆಂಬರ್ 22ರಂದು ನೀರಿಗಿಳಿಯಿತು. ಅದಕ್ಕೆ ಐದು ದಿನ ಮೊದಲು, ನವೆಂಬರ್ 17ರಂದು, ಸುಯೆಜ್ ಕಾಲುವೆ ತೆರೆದಿತ್ತು. ಕೆಂಪು ಸಮುದ್ರದ ಗಾಳಿ ಹಾಯಿಹಡಗುಗಳಿಗೆ ಒಗ್ಗುತ್ತಿರಲಿಲ್ಲ, ಉಗಿಹಡಗುಗಳಿಗೆ ಅದರ ಹಂಗಿರಲಿಲ್ಲ. ಆಫ್ರಿಕಾವನ್ನು ಸುತ್ತಿಕೊಂಡು ಬರುವ ದಾರಿಗಾಗಿ ಹುಟ್ಟಿದ ಹಡಗಿಗೆ, ಆ ದಾರಿಯನ್ನೇ ಬಿಟ್ಟುಹೋಗುವ ಕಾಲ ಅದೇ ವಾರದಲ್ಲಿ ಆರಂಭವಾಗಿತ್ತು. ನನ್ನ ಮಟ್ಟಿಗೆ ಈ ಹಡಗಿನ ಕತೆಯಲ್ಲಿ ಇದಕ್ಕಿಂತ ಮನ ಕಲಕುವ ಸಂಗತಿ ಇನ್ನೊಂದಿಲ್ಲ.

ಆದರೂ ಅದು ಎಂಟು ಬಾರಿ ಚೀನಾದಿಂದ ಚಹಾ ತಂದಿತು. ಮೊದಲ ಪ್ರಯಾಣದ ಸರಕೇ ಸುಮಾರು 590 ಟನ್. 1872ರಲ್ಲಿ ಥರ್ಮಾಪಿಲೆ ಎಂಬ ಹಡಗಿನೊಡನೆ ನಡೆದ ಓಟದಲ್ಲಿ ಮುಂದಿದ್ದಾಗಲೇ ಹಿಂದೂ ಮಹಾಸಾಗರದಲ್ಲಿ ಅದರ ಚುಕ್ಕಾಣಿ ಮುರಿದುಹೋಯಿತು. ನಡುಗಡಲಿನಲ್ಲಿಯೇ ಬೇರೊಂದನ್ನು ಮಾಡಿ ಕೂರಿಸಿಕೊಂಡು, ಎದುರಾಳಿಗಿಂತ ಒಂದು ವಾರ ತಡವಾಗಿ ಅದು ಲಂಡನ್ ಸೇರಿತು. ನಿಜವಾದ ಕೀರ್ತಿ ಬಂದದ್ದು ಆಮೇಲೆ, ಆಸ್ಟ್ರೇಲಿಯಾದ ಉಣ್ಣೆಯನ್ನು ಸಾಗಿಸುವ ಕೆಲಸದಲ್ಲಿ. ಕ್ಯಾಪ್ಟನ್ ರಿಚರ್ಡ್ ವುಡ್‌ಗೆಟ್‌ನ ಕೈಯಲ್ಲಿ 1885ರಲ್ಲಿ ಅದು ಸಿಡ್ನಿಯಿಂದ 73 ದಿನಗಳಲ್ಲಿ ಇಂಗ್ಲೆಂಡಿಗೆ ಬಂದಿತು.

ಇಂದು ಹಡಗನ್ನು ನೆಲದಿಂದ ಸುಮಾರು 3 ಮೀಟರ್ ಮೇಲೆತ್ತಿ ನಿಲ್ಲಿಸಿದ್ದಾರೆ. ನೀವು ಅದರ ತಳದ ಅಡಿಯಲ್ಲಿ ನಡೆದಾಡಬಹುದು. ಕಬ್ಬಿಣದ ಅಸ್ಥಿಪಂಜರ, ಅದಕ್ಕೆ ತೇಗ ಮತ್ತು ಎಲ್ಮ್ ಮರದ ಹಲಗೆಗಳು, ಹಲಗೆಗಳ ಮೇಲೆ ಚಿನ್ನದಂತೆ ಹೊಳೆಯುವ ಲೋಹದ ತಗಡಿನ ಹೊದಿಕೆ. ಆ ಹೊಳಪು ಅಂದಕ್ಕಾಗಿ ಬಂದದ್ದಲ್ಲ. ತಾಮ್ರ ಮತ್ತು ಸತುವಿನ ಆ ಮಿಶ್ರಲೋಹವಿಲ್ಲದಿದ್ದರೆ ಮರ ಕೊರೆಯುವ ಹುಳುಗಳು ಹಲಗೆಗಳನ್ನು ತಿಂದುಹಾಕುತ್ತಿದ್ದವು. ಚಿಪ್ಪಿನ ಜೀವಿಗಳೂ ಪಾಚಿಯೂ ತಳಕ್ಕೆ ಅಂಟಿಕೊಂಡು ವೇಗ ಕುಗ್ಗುತ್ತಿತ್ತು. ತಲೆಯೆತ್ತಿ ನೋಡಿದರೆ ತಗಡಿನ ಸಾಲುಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತಿರುವುದು ಕಾಣುತ್ತದೆ. ಮುಂಭಾಗದಲ್ಲಿ ಕೈಚಾಚಿ ನಿಂತ ಹೆಣ್ಣಿನ ಬೊಂಬೆಯ ಮುಷ್ಟಿಯಲ್ಲಿ ಕುದುರೆಯ ಬಾಲವಿದೆ: ಇದು ರಾಬರ್ಟ್ ಬರ್ನ್ಸ್‌ನ ಕವನವೊಂದರಲ್ಲಿ ಬರುವ ಮಾಟಗಾತಿ, ಅವಳು ಉಟ್ಟ ತುಂಡು ಅಂಗಿಯ ಹೆಸರೇ ಹಡಗಿನ ಹೆಸರು.

2007ರಲ್ಲಿ ಹಡಗು ಸುಟ್ಟುಹೋಯಿತಲ್ಲ, ಈಗಿರುವುದು ಅಸಲಿಯೇ?

ಹೌದು, ಅದರ ಬಹುಪಾಲು ಅಸಲಿಯೇ. ಆ ವರ್ಷದ ಮೇ 21ರಂದು ಬೆಂಕಿ ಬಿದ್ದಾಗ ಜೀರ್ಣೋದ್ಧಾರದ ಕೆಲಸ ನಡೆಯುತ್ತಿತ್ತು. ಹಾಯಿಕಂಬಗಳನ್ನೂ ಬಹಳಷ್ಟು ಹಲಗೆಗಳನ್ನೂ ಆಗಲೇ ಬಿಚ್ಚಿ ಬೇರೆಡೆ ಸಾಗಿಸಲಾಗಿತ್ತು. 2012ರ ಏಪ್ರಿಲ್‌ನಲ್ಲಿ ಹಡಗು ಮತ್ತೆ ತೆರೆಯಿತು.

ನದಿಯೆದುರಿನ ಜೋಡಿ ಗುಮ್ಮಟದ ಕಟ್ಟಡ ಅರಮನೆಯೇ, ಆಸ್ಪತ್ರೆಯೇ, ಕಾಲೇಜೇ?

ಅದು ಒಂದಾದ ಮೇಲೊಂದರಂತೆ ಬೇರೆಬೇರೆ ಹೆಸರುಗಳನ್ನು ಪಡೆಯುತ್ತ ಬಂದಿದೆ. ಹಳೆಯ ಅರಮನೆ ಪಾಳುಬಿದ್ದ ನೆಲದ ಮೇಲೆ, ಗಾಯಗೊಂಡ ಮತ್ತು ವಯಸ್ಸಾದ ನಾವಿಕರಿಗೆ ಆಶ್ರಯ ಕೊಡಬೇಕೆಂಬ ರಾಣಿ ಎರಡನೆಯ ಮೇರಿಯ ಬಯಕೆಯಂತೆ 1694ರಲ್ಲಿ ಸ್ಥಾಪನೆಯಾದ ಸಂಸ್ಥೆ ಇದು. ‘ಹಾಸ್ಪಿಟಲ್’ ಎಂದು ಕರೆದರೂ ಅದು ಆಶ್ರಮವಾಗಿತ್ತು. ಕ್ರಿಸ್ಟಫರ್ ರೆನ್ ನಕ್ಷೆ ಹಾಕಿದ. ನಿಕೊಲಸ್ ಹಾಕ್ಸ್‌ಮೂರ್ ಅವನ ಜೊತೆಗೂಡಿದ. 1705ರಲ್ಲಿ ಮೊದಲ 42 ನಾವಿಕರು ಒಳಗೆ ಬಂದರು. ನೆಪೋಲಿಯನ್ ಯುದ್ಧಗಳ ಕೊನೆಯ ಹೊತ್ತಿಗೆ, 1814ರಲ್ಲಿ, ನೀಲಿ ಕೋಟು ತೊಟ್ಟ 2,710 ಮಂದಿ ಇಲ್ಲಿದ್ದರು. 1869ರಲ್ಲಿ ಆಶ್ರಮ ಮುಚ್ಚಿತು, 1873ರಿಂದ 1998ರವರೆಗೆ ಇದು ನೌಕಾಪಡೆಯ ಅಧಿಕಾರಿಗಳಿಗೆ ಶಿಕ್ಷಣ ಕೊಡುವ ಕಾಲೇಜಾಗಿತ್ತು. ಈಗ ಗ್ರೀನಿಚ್ ವಿಶ್ವವಿದ್ಯಾಲಯವೂ ಒಂದು ಸಂಗೀತ ನೃತ್ಯ ಶಾಲೆಯೂ ಇದರೊಳಗಿವೆ.

ಕಟ್ಟಡ ನಡುವೆ ಸೀಳಿದಂತೆ ಎರಡು ಭಾಗವಾಗಿರುವುದನ್ನು ಎಲ್ಲರೂ ಗಮನಿಸುತ್ತಾರೆ. ಹಿಂದೆ ಇರುವ ಕ್ವೀನ್ಸ್ ಹೌಸ್ ಎಂಬ ಪುಟ್ಟ ಬಿಳಿಯ ಮನೆಗೆ ನದಿಯ ನೋಟ ತಪ್ಪಬಾರದೆಂದು ಮೇರಿ ಹಟ ಹಿಡಿದದ್ದೇ ಇದಕ್ಕೆ ಕಾರಣ. ರೆನ್‌ನಂತಹ ವಾಸ್ತುಶಿಲ್ಪಿಯೂ ಆ ಮಾತಿಗೆ ತಕ್ಕಂತೆ ನಕ್ಷೆಯನ್ನು ಬದಲಿಸಿದ.

ಪಶ್ಚಿಮದ ಗುಮ್ಮಟದ ಕೆಳಗಿರುವ ಚಿತ್ರಭವನವನ್ನು, ಅಂದರೆ ಪೇಂಟೆಡ್ ಹಾಲ್ ಅನ್ನು, ತಪ್ಪಿಸಬೇಡಿ. ಜೇಮ್ಸ್ ಥಾರ್ನ್‌ಹಿಲ್ 1707ರಿಂದ 1726ರವರೆಗೆ, 19 ವರ್ಷ ದುಡಿದು ಅದರ ಚಾವಣಿ ಮತ್ತು ಗೋಡೆಗಳನ್ನು ಚಿತ್ರಿಸಿದ. ಚಾವಣಿಗೆ ಚದರ ಗಜಕ್ಕೆ 3 ಪೌಂಡ್, ಗೋಡೆಗೆ 1 ಪೌಂಡ್ ಅವನ ಕೂಲಿ. ಕೊನೆಯ ಗೋಡೆಯ ಬಲ ಮೂಲೆಯಲ್ಲಿ ತನ್ನನ್ನೂ ಬರೆದುಕೊಂಡಿದ್ದಾನೆ. ಚಾಚಿದ ಅವನ ಕೈಯನ್ನು ನೋಡಿ, ಇನ್ನಷ್ಟು ಹಣ ಕೇಳುತ್ತಿದ್ದಾನೆ ಎಂದು ಜನ ಹೇಳುವುದುಂಟು. ನಾವಿಕರ ಊಟದ ಮನೆಯಾಗಬೇಕಿದ್ದ ಈ ಭವನ ಊಟಕ್ಕೆ ತೀರ ಭವ್ಯವಾಯಿತೆಂದು ಅವರನ್ನು ನೆಲಮಾಳಿಗೆಗೆ ಕಳುಹಿಸಲಾಯಿತು. ಟ್ರಫಾಲ್ಗರ್ ಕಾಳಗದಲ್ಲಿ ಮಡಿದ ಅಡ್ಮಿರಲ್ ನೆಲ್ಸನ್‌ನ ದೇಹವನ್ನು 1806ರ ಜನವರಿಯಲ್ಲಿ ಸಾರ್ವಜನಿಕ ದರ್ಶನಕ್ಕೆ ಇಟ್ಟದ್ದು ಇಲ್ಲಿಯೇ.

ಪ್ರವೇಶ ಶುಲ್ಕವಿಲ್ಲದೆ ಏನನ್ನು ನೋಡಬಹುದು?

ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯ, ಕ್ವೀನ್ಸ್ ಹೌಸ್, ಕಾಲೇಜಿನ ಅಂಗಳ ಮತ್ತು ಪ್ರಾರ್ಥನಾಮಂದಿರ, ಉದ್ಯಾನ ಇವೆಲ್ಲಕ್ಕೂ ಪ್ರವೇಶ ಉಚಿತ. ಕಟ್ಟಿ ಸಾರ್ಕ್, ಚಿತ್ರಭವನ ಮತ್ತು ವೀಕ್ಷಣಾಲಯಕ್ಕೆ ಟಿಕೆಟ್ ಬೇಕು.

ವಸ್ತುಸಂಗ್ರಹಾಲಯದಲ್ಲಿ ಒಂದೇ ಒಂದು ವಸ್ತುವಿಗೆ ಸಮಯ ಕೊಡುವುದಾದರೆ, 1805ರ ಅಕ್ಟೋಬರ್ 21ರಂದು ನೆಲ್ಸನ್ ತೊಟ್ಟಿದ್ದ ಕೋಟಿನ ಮುಂದೆ ನಿಲ್ಲಿ. ಎಡ ಭುಜದ ಪಟ್ಟಿಯ ಬಳಿ ಗುಂಡು ಹೊಕ್ಕ ರಂಧ್ರವಿದೆ. ಅದು ನಾವು ಊಹಿಸಿಕೊಂಡಿದ್ದಕ್ಕಿಂತ ಚಿಕ್ಕದು. ಸುತ್ತಲಿನ ಜರಿಯ ಎಳೆಗಳು ಕಿತ್ತುಹೋಗಿವೆ. ಕ್ವೀನ್ಸ್ ಹೌಸ್‌ನಲ್ಲಿ ಇನಿಗೊ ಜೋನ್ಸ್ ರೂಪಿಸಿದ ಟ್ಯುಲಿಪ್ ಮೆಟ್ಟಿಲು ಸುರುಳಿಯಾಗಿ ಮೇಲೇರುತ್ತದೆ. ನಡುವೆ ಕಂಬವೇ ಇಲ್ಲ, ಪ್ರತಿಯೊಂದು ಕಲ್ಲೂ ಗೋಡೆಯನ್ನೂ ತನ್ನ ಕೆಳಗಿನ ಕಲ್ಲನ್ನೂ ನೆಚ್ಚಿಕೊಂಡು ನಿಂತಿದೆ.

ವೀಕ್ಷಣಾಲಯಕ್ಕೂ ಹಡಗುಗಳಿಗೂ ಏನು ಸಂಬಂಧ?

ಇಡೀ ಗ್ರೀನಿಚ್‌ನ ಬೀಗದಕೈ ಈ ಪ್ರಶ್ನೆಯಲ್ಲಿದೆ. ಕಡಲಿನಲ್ಲಿರುವ ಹಡಗು ಉತ್ತರ ದಕ್ಷಿಣವಾಗಿ ಎಲ್ಲಿದೆ ಎಂಬುದನ್ನು, ಅಂದರೆ ಅಕ್ಷಾಂಶವನ್ನು, ಸೂರ್ಯನ ಅಥವಾ ಧ್ರುವನಕ್ಷತ್ರದ ಎತ್ತರವನ್ನು ಅಳೆದು ತಿಳಿಯಬಹುದಿತ್ತು. ಪೂರ್ವ ಪಶ್ಚಿಮವಾಗಿ ಎಲ್ಲಿದೆ ಎಂದು ತಿಳಿಯುವ ನಂಬಲರ್ಹ ದಾರಿ ಇರಲಿಲ್ಲ. 1707ರಲ್ಲಿ ಸಿಲಿ ದ್ವೀಪಗಳ ಬಳಿ ಅಡ್ಮಿರಲ್ ಕ್ಲೌಡ್ಸ್‌ಲಿ ಶೊವೆಲ್‌ನ ನೌಕಾದಳದ ನಾಲ್ಕು ಹಡಗುಗಳು ಬಂಡೆಗಳಿಗೆ ಬಡಿದು ಒಡೆದು ಸಾವಿರಕ್ಕೂ ಹೆಚ್ಚು ಮಂದಿ ನೀರುಪಾಲಾದರು. ಎರಡನೆಯ ಚಾರ್ಲ್ಸ್ 1675ರಲ್ಲಿಯೇ ಈ ಗುಡ್ಡದ ಮೇಲೆ ವೀಕ್ಷಣಾಲಯವನ್ನು ಸ್ಥಾಪಿಸಿ ಜಾನ್ ಫ್ಲಾಮ್‌ಸ್ಟೀಡ್‌ನನ್ನು ನೇಮಿಸಿದ್ದ. ನಕ್ಷತ್ರಗಳ ಸ್ಥಾನವನ್ನು ಕರಾರುವಾಕ್ಕಾಗಿ ಗುರುತಿಸಿ ನಾವಿಕರಿಗೆ ರೇಖಾಂಶವನ್ನು ತಿಳಿಯುವ ದಾರಿ ಮಾಡಿಕೊಡುವುದೇ ಅವನ ಕೆಲಸ.

ಇನ್ನೊಂದು ದಾರಿ ಗಡಿಯಾರದ್ದು. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹೊರಟ ಊರಿನ ವೇಳೆಯನ್ನು ತೋರಿಸುವ ಗಡಿಯಾರ ಹಡಗಿನಲ್ಲಿದ್ದರೆ, ಹಡಗಿದ್ದಲ್ಲಿನ ನಡುಹಗಲಿನೊಡನೆ ಅದನ್ನು ಹೋಲಿಸಿ ಎಷ್ಟು ಡಿಗ್ರಿ ದೂರ ಬಂದಿದ್ದೇವೆಂದು ಲೆಕ್ಕ ಹಾಕಬಹುದು. ತತ್ತ್ವ ಸುಲಭ. ಆದರೆ ಓಲಾಡುವ ಹಡಗಿನಲ್ಲಿ ಲೋಲಕದ ಗಡಿಯಾರ ನಡೆಯುವುದಿಲ್ಲ, ಬಿಸಿಲು ಚಳಿಗಳಿಗೆ ಲೋಹ ಹಿಗ್ಗಿ ಕುಗ್ಗುತ್ತದೆ. 1714ರಲ್ಲಿ ಸಂಸತ್ತು 20,000 ಪೌಂಡ್‌ಗಳವರೆಗಿನ ಬಹುಮಾನವನ್ನು ಘೋಷಿಸಿತು. ಬಡಗಿಯ ಕೆಲಸ ಕಲಿತಿದ್ದ ಜಾನ್ ಹ್ಯಾರಿಸನ್ ತನ್ನ ಬಾಳನ್ನೇ ಇದಕ್ಕೆ ತೆತ್ತ. ಅವನ ನಾಲ್ಕು ಗಡಿಯಾರಗಳು ಇಲ್ಲಿವೆ. ಮೊದಲ ಮೂರು ಹಿತ್ತಾಳೆಯ ದೊಡ್ಡ ಯಂತ್ರಗಳು. ಅವುಗಳ ತೋಳುಗಳು ಆಚೀಚೆ ತೂಗುವುದನ್ನು ಎಷ್ಟು ಹೊತ್ತು ಬೇಕಾದರೂ ನೋಡುತ್ತ ನಿಲ್ಲಬಹುದು. ನಾಲ್ಕನೆಯದು ಅಂಗೈಯಲ್ಲಿ ಹಿಡಿಯಬಹುದಾದ, 13 ಸೆಂಟಿಮೀಟರ್ ಅಗಲದ, ಬೆಳ್ಳಿಯ ಕವಚದ ಗಡಿಯಾರ. 1761ರಲ್ಲಿ ಜಮೈಕಾಕ್ಕೆ ಹೊರಟ ಪ್ರಯಾಣದಲ್ಲಿ ಅದು 81 ದಿನಗಳಲ್ಲಿ ಹಿಂದೆ ಬಿದ್ದದ್ದು 5 ಸೆಕೆಂಡು ಮಾತ್ರ. ಎಣ್ಣೆ ಬೇಕಾಗುವ, ಸವೆಯುವ ಭಾಗಗಳಿರುವುದರಿಂದ ಈಗ ಅದನ್ನು ನಡೆಸದೆ ಇಟ್ಟಿದ್ದಾರೆ. ಹಣಕ್ಕಾಗಿ ಹ್ಯಾರಿಸನ್ ವರ್ಷಗಟ್ಟಲೆ ಹೋರಾಡಬೇಕಾಯಿತು; ಸಂಸತ್ತು ಕೊನೆಯ ಕಂತು ಕೊಟ್ಟದ್ದು 1773ರಲ್ಲಿ, ಆಗ ಅವನಿಗೆ 80 ವರ್ಷ.

ಹಡಗಿನ ಗಡಿಯಾರವನ್ನು ಹೊರಡುವ ಮೊದಲು ಸರಿಹೊಂದಿಸಿಕೊಳ್ಳಬೇಕಲ್ಲ? ಅದಕ್ಕಾಗಿ 1833ರಲ್ಲಿ ವೀಕ್ಷಣಾಲಯದ ನೆತ್ತಿಯ ಮೇಲೆ ಕೆಂಪು ಚೆಂಡೊಂದನ್ನು ಕೂರಿಸಿದರು. ಅದು 12 ಗಂಟೆ 55 ನಿಮಿಷಕ್ಕೆ ಕಂಬದ ಅರ್ಧಕ್ಕೆ, 58ಕ್ಕೆ ತುದಿಗೆ ಏರಿ, ಸರಿಯಾಗಿ 1 ಗಂಟೆಗೆ ಕೆಳಗಿಳಿಯುತ್ತದೆ. ಗಾಳಿ ಜೋರಾಗಿರದಿದ್ದರೆ ಇಂದಿಗೂ ನೋಡಬಹುದು. ಅದನ್ನು ಕೆಳಗಿನ ಹುಲ್ಲುಹಾಸಿನಲ್ಲಿ ನಿಂತು ನೋಡುವುದೇ ಸರಿ, ಏಕೆಂದರೆ ನದಿಯಲ್ಲಿದ್ದ ನಾವಿಕರೂ ಅದನ್ನು ಕೆಳಗಿನಿಂದಲೇ ನೋಡಿದ್ದು. ಮುಂದೆ 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ 25 ದೇಶಗಳ ಸಮ್ಮೇಳನವು ಗ್ರೀನಿಚ್‌ನ ಗೆರೆಯನ್ನು ಸೊನ್ನೆಯೆಂದು ಆರಿಸಿಕೊಂಡಿತು. ಆ ಹೊತ್ತಿಗಾಗಲೇ ಜಗತ್ತಿನ ಬಹುಪಾಲು ಹಡಗುಗಳ ನಕ್ಷೆಗಳು ಗ್ರೀನಿಚ್‌ನಿಂದಲೇ ಲೆಕ್ಕ ಹಿಡಿಯುತ್ತಿದ್ದವು.

ಗೆರೆಯ ಮೇಲೆ ನಿಂತರೂ ಫೋನಿನ ಜಿಪಿಎಸ್ ಸೊನ್ನೆ ತೋರಿಸುವುದಿಲ್ಲವೇಕೆ?

ಉಪಗ್ರಹಗಳ ಸೊನ್ನೆ ರೇಖಾಂಶ ಅಲ್ಲಿಂದ 102 ಮೀಟರ್ ಪೂರ್ವಕ್ಕೆ, ಉದ್ಯಾನದೊಳಗೆ ಹಾದುಹೋಗುತ್ತದೆ. ಈ ಗೆರೆಯನ್ನು ಗೊತ್ತುಮಾಡಿದ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿ ತನ್ನ ದೂರದರ್ಶಕವನ್ನು ಆ ಜಾಗದ ಗುರುತ್ವದ ದಿಕ್ಕಿಗೆ ಹೊಂದಿಸಿದ್ದ. ನೆಲದೊಳಗಿನ ದ್ರವ್ಯ ಎಲ್ಲೆಡೆ ಒಂದೇ ಸಮನಾಗಿ ಹಂಚಿಹೋಗಿಲ್ಲದ ಕಾರಣ ಆ ದಿಕ್ಕು ಭೂಮಿಯ ಕೇಂದ್ರದಿಂದ ತುಸು ಸರಿದಿರುತ್ತದೆ. ಉಪಗ್ರಹಗಳು ಲೆಕ್ಕ ಹಾಕುವುದು ಭೂಮಿಯ ಕೇಂದ್ರದಿಂದ. ಏರಿಯ ಅಳತೆ ತಪ್ಪಿತ್ತೆಂದು ಇದರ ಅರ್ಥವಲ್ಲ.

ಇಳಿತದ ವೇಳೆ ದಡಕ್ಕಿಳಿದು ಹಳೆಯ ವಸ್ತುಗಳನ್ನು ಆಯ್ದುಕೊಳ್ಳಬಹುದೇ?

ಪರವಾನಗಿ ಇಲ್ಲದೆ ಹುಡುಕುವುದಾಗಲಿ ತೆಗೆದುಕೊಂಡು ಹೋಗುವುದಾಗಲಿ ಕೂಡದು. ಪರವಾನಗಿ ಕೊಡುವುದು ಲಂಡನ್ ಬಂದರು ಪ್ರಾಧಿಕಾರ. ಕಾಲೇಜಿನ ಮುಂದಿನ ದಡದಲ್ಲಿ ನೀರು ಇಳಿದಾಗ ಕೆಂಪು ಹೆಂಚಿನ ಚೂರುಗಳ ನಡುವೆ ಕಂದುಗಟ್ಟಿದ ಪ್ರಾಣಿಗಳ ಮೂಳೆಗಳು ಕಾಣುತ್ತವೆ. ಅರಮನೆಯ ಕಾಲದ ಅಡುಗೆಮನೆಯ ಕಸ ಇನ್ನೂ ನದಿಯಿಂದ ಹೊರಬೀಳುತ್ತಿದೆ. ಮೇಲಿನ ಕಟ್ಟೆಯಿಂದ ನೋಡಿದರೂ ಸಾಕು. ಕಲ್ಲುಗಳು ಪಾಚಿಯಿಂದ ಜಾರುತ್ತವೆ, ಉಬ್ಬರ ಅಂದುಕೊಂಡದ್ದಕ್ಕಿಂತ ಬೇಗ ಬರುತ್ತದೆ.

ಹಡಗಿನ ಪಕ್ಕದಲ್ಲಿರುವ ಗಾಜಿನ ಗುಮ್ಮಟದ ಗುಂಡು ಕಟ್ಟಡ ಏನು?

ನದಿಯಡಿಯ ಕಾಲುಹಾದಿಯ ಬಾಗಿಲು. ದಕ್ಷಿಣ ದಂಡೆಯ ಕೂಲಿಕಾರರು ಎದುರು ದಂಡೆಯ ಡಾಕ್‌ಗಳಿಗೆ ಹೋಗಲು ದೋಣಿಯನ್ನು ಕಾಯುವಂತಾಗಬಾರದೆಂದು 1902ರಲ್ಲಿ ಇದನ್ನು ತೆರೆದರು. ಸುಮಾರು 370 ಮೀಟರ್ ಉದ್ದ, ಬಿಳಿ ಹೆಂಚು ಹೊದಿಸಿದ ಕೊಳವೆ, ನಡೆಯುವವರಿಗೆ ಹಗಲೂ ರಾತ್ರಿ ಉಚಿತ. ಉತ್ತರ ತುದಿಯ ಬಳಿ ಕೊಳವೆ ಒಮ್ಮೆಲೇ ಕಿರಿದಾಗುತ್ತದೆ: ಎರಡನೆಯ ಮಹಾಯುದ್ಧದ ಬಾಂಬಿನಿಂದಾದ ಹಾನಿಯನ್ನು ಸರಿಪಡಿಸಲು ಒಳಗೆ ತೊಡಿಸಿದ ಉಕ್ಕಿನ ಕವಚ ಅದು. ಆಚೆ ಮೇಲೆ ಬಂದು ಐಲೆಂಡ್ ಗಾರ್ಡನ್ಸ್‌ನಿಂದ ಹಿಂತಿರುಗಿ ನೋಡಿ. ಜೋಡಿ ಗುಮ್ಮಟ, ನಡುವೆ ಕ್ವೀನ್ಸ್ ಹೌಸ್, ಹಿಂದೆ ಗುಡ್ಡ, ಎಲ್ಲವೂ ಒಂದೇ ನೋಟದಲ್ಲಿ ಸಿಗುತ್ತವೆ.

ಈ ವೈಭವದ ಹಿಂದಿನ ಕಷ್ಟಗಳ ಕುರುಹು ಇಲ್ಲಿ ಸಿಗುತ್ತದೆಯೇ?

ಸಿಗುತ್ತದೆ, ಹುಡುಕಿಕೊಂಡು ನೋಡಲೇಬೇಕು. ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಸಾಗಿಸಿದ ವ್ಯಾಪಾರವೂ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರವೂ ಇದೇ ನದಿಯನ್ನು ಬಳಸಿದವು. ವಸ್ತುಸಂಗ್ರಹಾಲಯದಲ್ಲಿ ಎರಡಕ್ಕೂ ಸಂಬಂಧಿಸಿದ ವಸ್ತುಗಳಿವೆ. ಕಂಪನಿಯ ಹಡಗುಗಳಲ್ಲಿ ಲಸ್ಕರ್ ಎಂದು ಕರೆಯಲಾಗುತ್ತಿದ್ದ ಭಾರತದ ಖಲಾಸಿಗಳು ದುಡಿದು ಲಂಡನ್ನಿಗೆ ಬಂದು, ಕೆಲಸವಿಲ್ಲದೆ, ಚಳಿಯಲ್ಲಿ ಕಾಯಿಲೆ ಬಿದ್ದು ನರಳುತ್ತಿದ್ದರು. ಎಲ್ಲ ದೇಶಗಳ ನಾವಿಕರಿಗಾಗಿ 1821ರಲ್ಲಿ ಗ್ರೀನಿಚ್ ಬಳಿ ಲಂಗರು ಹಾಕಿದ್ದ ಹಡಗೊಂದರಲ್ಲಿ ಆಸ್ಪತ್ರೆ ತೆರೆಯಿತು. ನಂತರ ಅದೇ ಆಸ್ಪತ್ರೆ ‘ಡ್ರೆಡ್‌ನಾಟ್’ ಎಂಬ ಹೆಸರಿನೊಡನೆ 1870ರಲ್ಲಿ ದಡಕ್ಕೆ ಬಂದಿತು. ಆ ಕಟ್ಟಡ ಈಗ ವಿಶ್ವವಿದ್ಯಾಲಯದ ವಶದಲ್ಲಿದೆ. ಅದರ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಮ್ಮವರಾದರೂ ನಿಲ್ಲಬೇಕು.

ಗುಡ್ಡ ಹತ್ತಲಾಗದ ಹಿರಿಯರು ಏನು ಮಾಡಬೇಕು?

ನದಿಯ ಕಡೆಯ ಹಾದಿ ಕಡಿದಾಗಿದೆ. ಬ್ಲ್ಯಾಕ್‌ಹೀತ್ ಬಯಲಿನ ಕಡೆಯ ಬಾಗಿಲಿನಿಂದ ಬಂದರೆ ವೀಕ್ಷಣಾಲಯದವರೆಗೆ ಹೆಚ್ಚುಕಡಿಮೆ ಸಮತಟ್ಟಾದ ದಾರಿಯಿದೆ. ಕಟ್ಟಿ ಸಾರ್ಕ್‌ನಲ್ಲಿ ಲಿಫ್ಟ್ ಇದೆ.

ವೀಕ್ಷಣಾಲಯದ ಗೇಟಿನ ಗಡಿಯಾರ ಬೇಸಿಗೆಯಲ್ಲಿ ಒಂದು ಗಂಟೆ ಹಿಂದಿರುತ್ತದೆ. ಅದು ಕೆಟ್ಟಿದೆಯೇ?

ಕೆಟ್ಟಿಲ್ಲ. 1852ರಲ್ಲಿ ಕೂರಿಸಿದ ಆ ಗಡಿಯಾರದ ಮುಖದಲ್ಲಿ 12ರ ಬದಲು 24 ಅಂಕೆಗಳಿವೆ. ಮಧ್ಯಾಹ್ನ 12 ಗಂಟೆಗೆ ಅದರ ಚಿಕ್ಕ ಮುಳ್ಳು ನೇರವಾಗಿ ಕೆಳಗೆ ತೋರಿಸುತ್ತದೆ. ಬೇಸಿಗೆಯಲ್ಲಿ ಇಡೀ ಬ್ರಿಟನ್ ತನ್ನ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತದೆ. ಈ ಗಡಿಯಾರ ಮಾತ್ರ ವರ್ಷವಿಡೀ ಗ್ರೀನಿಚ್ ಕಾಲಮಾನವನ್ನೇ ತೋರಿಸುತ್ತದೆ.